ಭಾಲ್ಕಿಯಲ್ಲಿ ಕೂಗಿದ ಮೆಹಕರದ ಭೋಂಗಾ

ಬೀದರಿನ ಮೈಲೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಪ್ರಣಿತಾ ಏನು ಕೆಲಸ ಮಾಡುತ್ತಾಳೆ ಎಂಬುದು ಅವಳ ಮನೆಯೊಡತಿ ಶಾಂತಾಬಾಯಿಗೆ ಕೊನೆಯವರೆಗೂ ತಿಳಿಯಲಿಲ್ಲ. ಕಂಪ್ಯೂಟರ್ ಎಂದರೆ ಬ್ಯಾಂಕು, ಇಲ್ಲವೆ ಪಹಣಿ ತೆಗೆದುಕೊಡುವ ಅಂಗಡಿ; ಮೂರನೆಯದೊಂದು ಇರಬಹುದೆಂದು ಆ ಮಹಾತಾಯಿ ಒಪ್ಪಲೇ ಇಲ್ಲ. ಕೇಳಿಸಿಕೊಂಡು ಕೇಳಿಸಿಕೊಂಡು ಸಾಕಾಗಿ ಒಂದು ದಿನ ಪ್ರಣಿತಾ, “ಹೆಸರಿಗೆ ಪತ್ತಾ ಬರಿಯೋ ಕೆಲಸರಿ” ಎಂದಳು.

“ಹಂಗಂದ್ರ ಟಪಾಲ ಕಚೇರಿ ಅನ್ನು” ಎಂದು ಶಾಂತಾಬಾಯಿ ಸಮಾಧಾನದಿಂದ ಒಳಗೆ ಹೋದರು.

ನಗಬೇಡಿ. ಆಕೆ ಅಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಿತ್ತು. ಪ್ರಣಿತಾ ದುಡಿಯುತ್ತಿದ್ದದ್ದು ಒಂದು ಸಣ್ಣ ಖಾಸಗಿ ಕಂಪನಿಯಲ್ಲಿ. ಮಾಲಕ ಶಿವರಾಜಪ್ಪ ಮೊದಲು ಪಂಪ್‌ಸೆಟ್ ಮಾರುತ್ತಿದ್ದವರು; ಮಾಂಜ್ರಾ ನದಿಯ ದಂಡೆಯ ಹಳ್ಳಿಗಳಿಗೆ ಪ್ರವಾಹದ ಎಚ್ಚರಿಕೆ ಕೊಡುವ ಗುತ್ತಿಗೆ ಹಿಡಿದ ಮೇಲೆ ಬೀದರಿನಲ್ಲಿ ಒಂದು ಕಚೇರಿ, ಭಾಲ್ಕಿಯಲ್ಲಿ ರಿಪೇರಿಗೊಂದು ಕೋಣೆ ಮಾಡಿಕೊಂಡಿದ್ದರು. ಸೇತುವೆಯ ಕೆಳಗೆ ನೀರಿನ ಮಟ್ಟ ಅಳೆಯುವ ಕಂಬ, ಹಳ್ಳಿಯ ಗಟ್ಟಿ ಮಾಳಿಗೆಯೊಂದರ ಮೇಲೆ ಸೈರನ್. ಸೈರನ್ನಿಗೆ ಆ ಸೀಮೆಯಲ್ಲಿ ಭೋಂಗಾ ಎನ್ನುತ್ತಾರೆ. ನೀರು ಕೆಂಪು ಗೆರೆ ದಾಟಿತೋ, ಬೀದರಿನ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಂ ಆ ಹಳ್ಳಿಯ ಭೋಂಗಾವನ್ನು ಹೆಸರು ಹಿಡಿದು ಕರೆಯಬೇಕು, ಭೋಂಗಾ ಕೂಗಬೇಕು, ಕೂಗಿದೆನೆಂದು ಮರಳಿ ಜವಾಬು ಕೊಡಬೇಕು. ಜವಾಬು ಬಂದರೆ ಪರದೆಯ ಮೇಲೆ ಹಸಿರು, ಬಾರದಿದ್ದರೆ ಕೆಂಪು.

ಆ ಪ್ರೋಗ್ರಾಂ ಇರುವುದು ಕಂಟೇನರ್ ಎಂಬ ಮುಚ್ಚಿದ ಆವರಣದೊಳಗೆ. ಭಾಲ್ಕಿಯ ರಿಪೇರಿ ಕೋಣೆಯ ಒವೈಸ ಅದನ್ನು ಡಬ್ಬಿ ಎಂದು ಕರೆದ, ಎಲ್ಲರ ಬಾಯಲ್ಲೂ ಅದೇ ನಿಂತಿತು. ಡಬ್ಬಿಯೊಳಗಿನ ಪ್ರೋಗ್ರಾಮಿಗೆ ಹೊರಗಿನದು ಏನೂ ಕಾಣುವುದಿಲ್ಲ. ಅದರ ಹತ್ತಿರ ಒಂದು ಪುಟ್ಟ ಪಟ್ಟಿ ಇರುತ್ತದೆ: ಈ ಹೆಸರಿನ ಯಂತ್ರದ ವಿಳಾಸ ಇದು, ಆ ಹೆಸರಿನದು ಅದು. ಯಾರನ್ನೇ ಕರೆಯಲಿ, ಮೊದಲು ಆ ಪಟ್ಟಿ ನೋಡುತ್ತದೆ. ಅದರಲ್ಲಿ ಬರೆದದ್ದೇ ಕೊನೆಯ ಮಾತು. ಹೊರಗೆ ಹೋಗಿ ಖರೇ ಯಾವುದು ಸುಳ್ಳು ಯಾವುದು ಎಂದು ವಿಚಾರಿಸುವ ಜಾಯಮಾನವೇ ಅದರದಲ್ಲ. ಭೋಂಗಾಗಳ ಸಿಮ್ ಬದಲಾದಾಗ, ಹೊಸ ಹಳ್ಳಿ ಸೇರಿದಾಗ, ಹೆಸರಿಗೆ ಸರಿಯಾದ ವಿಳಾಸ ಜೋಡಿಸುವುದು ಪ್ರಣಿತಾಳ ಕೆಲಸ. ಕೈ ತಪ್ಪಿದರೆ ಒಂದೂರಿನ ಕೂಗು ಇನ್ನೊಂದೂರಿಗೆ ಹೋಗುತ್ತದೆ. ಇಷ್ಟು ದೊಡ್ಡ ಅಧಿಕಾರವನ್ನು ಒಬ್ಬ ಹುಡುಗಿಯ ಬೆರಳ ತುದಿಗೆ ಕೊಟ್ಟವರು ಅದರ ಬಗ್ಗೆ ಒಮ್ಮೆಯಾದರೂ ಯೋಚಿಸಿದಂತಿರಲಿಲ್ಲ.

ಅವಳ ಊರು ಮೆಹಕರ, ಭಾಲ್ಕಿ ತಾಲೂಕಿನಲ್ಲಿ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡದ್ದು. ಅಪ್ಪ ಮಾಣಿಕ ಅವಳು ಶಾಲೆಯಲ್ಲಿದ್ದಾಗಲೇ ತೀರಿಹೋಗಿದ್ದ. ತಾಯಿ ಸುಭದ್ರಾಬಾಯಿಯನ್ನು ಅವರ ಮನೆಯ ಮಾತಿನಲ್ಲಿ ಆಯಿ ಎನ್ನುತ್ತಿದ್ದರು. ಆಯಿ ಪರರ ಕಬ್ಬಿನ ಹೊಲದಲ್ಲಿ ದುಡಿದು ಮಗಳನ್ನು ಬೀದರಿಗೆ ಕಳಿಸಿ ಡಿಪ್ಲೊಮಾ ಓದಿಸಿದ್ದಳು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹಾಸ್ಟೆಲ್ಲಿನ ಗೇಟಿಗೆ ಬರುತ್ತಿದ್ದಳು. ಒಳಗೆ ಬಾ ಎಂದರೆ ಬರುತ್ತಿರಲಿಲ್ಲ, ಗಂಟು ಕೊಟ್ಟು ಅದೇ ಬಸ್ಸಿಗೆ ತಿರುಗಿ ಹೋಗುತ್ತಿದ್ದಳು. ಅಂಕ ಎಷ್ಟು ಬಂತು ಎಂದು ಕೇಳಿದವಳಲ್ಲ. ನೌಕರಿ ಬಂದ ಮೇಲೂ ನನಗೊಂದು ಸೀರೆ ತಾ ಎಂದವಳಲ್ಲ. ಏನನ್ನೂ ಕೇಳದ ತಾಯಂದಿರ ಮಕ್ಕಳಿಗೆ ಒಂದು ಹೆದರಿಕೆ ಇದ್ದೇ ಇರುತ್ತದೆ: ಎಂದಾದರೊಂದು ದಿನ ಆಕೆ ಏನಾದರೂ ಕೇಳಿದರೆ ಇಲ್ಲ ಎನ್ನಲು ಬಾಯಿ ಬಾರದು.

ಮೆಹಕರದಲ್ಲಿ ಬಸ್ ನಿಲ್ದಾಣವಿರುವ ಮೇಲಿನ ಓಣಿ ದಿಬ್ಬದ ಮೇಲಿದೆ, ಕೆಳಗಿನ ಓಣಿ ನದಿಯ ಕಡೆಗೆ ಇಳಿದಿದೆ. ಆಯಿ ಮತ್ತು ಅತ್ತಿಗೆ ಸುಮನ ಇರುವ ಮನೆ ಕೆಳಗಿನ ಓಣಿಯಲ್ಲೇ, ಆ ಓಣಿಯ ಕೊನೆಗೆ ಬುದ್ಧ ವಿಹಾರ. ನದಿಗೆ ಮುಖ ಮಾಡಿದ ಗಟ್ಟಿ ಮಾಳಿಗೆ ಅದೊಂದೇ ಆದ್ದರಿಂದ ಭೋಂಗಾ ಅದರ ಮೇಲೆಯೇ ಕೂತಿತು. ಮೆಟ್ಟಿಲಿಲ್ಲದ ಮಾಳಿಗೆ, ಒವೈಸ ಬಿದಿರಿನ ಏಣಿ ತರಿಸಿ ಹತ್ತಿದ್ದ. ಭೋಂಗಾವನ್ನು ನಡೆಸುವ ಪೆಟ್ಟಿಗೆಯನ್ನು ಒಳಗಿನ ಗೋಡೆಗೆ ಹಚ್ಚಬೇಕಿತ್ತು. ಎಲ್ಲಿ ಹಚ್ಚೋಣ ಎಂದಾಗ ವಿಹಾರದ ಕೀಲಿ ಇಟ್ಟುಕೊಳ್ಳುವ ಸುಭದ್ರಾಬಾಯಿಯೇ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು.

“ನನ್ನ ತಲಿ ಮಟ್ಟಕ್ಕ ಹಚ್ರಿ. ಹಸಿರು ದೀಪ ಉರಿಲತ್ತದೋ ಇಲ್ಲೋ ನಾ ದಿನಾ ನೋಡಬೇಕಲ್ಲ.”

“ಸ್ವಲ್ಪ ಮ್ಯಾಲೆ ಇರ್ಲಿರಿ ಅವ್ವಾ” ಎಂದ ಒವೈಸ. “ಈ ಪೆಟಗಿ ಒಳಗ ನೀರು ಹೊಕ್ಕರ ಭೋಂಗಾ ಅಲ್ಲಿಗೇ ಮುಗೀತು.”

“ಅಷ್ಟು ನೀರು ಬಂದ್ರ ನಂದೂ ಮುಗೀತು ಬಿಡಪ್ಪ” ಎಂದು ಆಯಿ ನಕ್ಕಳು. ಆಕೆ ಗಿಡ್ಡ ಹೆಂಗಸು. ತುರುಬು ಅಡ್ಡ ಬಂದದ್ದರಿಂದ ಒವೈಸ ಅದರ ಮೇಲೆ ಒಂದು ಗೇಣು ಬಿಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆದ. ಎಲ್ಲರೂ ನಕ್ಕರು, ಪ್ರಣಿತಾಳೂ ನಕ್ಕಳು.

ಗುತ್ತಿಗೆಯ ಕಾಯ್ದೆಯಂತೆ ದಿನಾ ಸಂಜೆ ಏಳಕ್ಕೆ ಪ್ರತಿ ಭೋಂಗಾವೂ ಒಮ್ಮೆ ಕೂಗಬೇಕು, ಸರಿಯಿದೆಯೋ ಇಲ್ಲವೋ ತಿಳಿಯಲು. ಬೇಸಿಗೆ ಇರುವವರೆಗೆ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಆಷಾಢದ ಹುಣ್ಣಿಮೆ ಬಂತು, ವರ್ಷಾವಾಸ ಶುರುವಾಯಿತು. ಮಳೆಗಾಲದ ಆ ಮೂರು ತಿಂಗಳು ಬೌದ್ಧ ಮನೆತನಗಳವರು ಸಂಜೆ ವಿಹಾರದಲ್ಲಿ ಕೂಡಿ ಧಮ್ಮಗ್ರಂಥ ಓದುತ್ತಾರೆ. ಮೆಹಕರದಲ್ಲಿ ಓದಿಸುವವಳು ಸುಭದ್ರಾಬಾಯಿ. ಶಿಸ್ತಿನಲ್ಲಿ ಆಕೆ ಯಾವ ಹೆಡ್‌ಮಾಸ್ತರಿಗೂ ಕಡಿಮೆಯಲ್ಲ. ಬಾಗಿಲಲ್ಲೊಂದು ಬುಟ್ಟಿ ಇಟ್ಟು, ಬಂದವರ ಮೊಬೈಲುಗಳನ್ನೆಲ್ಲ ಬಂದ್ ಮಾಡಿಸಿ ಅದರಲ್ಲಿ ಹಾಕಿಸುತ್ತಿದ್ದಳು. ಕೆಮ್ಮಿದವರನ್ನು ಕಣ್ಣಿನಿಂದಲೇ ಗದರುತ್ತಿದ್ದಳು. ಅಂಥಲ್ಲಿ ಓದು ಒಳ್ಳೆಯ ಹದಕ್ಕೆ ಬಂದಾಗ ನೆತ್ತಿಯ ಮೇಲೆ ಭೋಂಗಾ ಒದರಿದರೆ ಹೇಗಾಗಬೇಡ?

“ಪ್ರಣಿತಾ, ನಿನ್ನ ಭೋಂಗಾ ನಮಗ ಓದ್ಲಿಕ್ಕೆ ಬಿಡವಲ್ದು ನೋಡು” ಎಂದು ಆಯಿ ಫೋನು ಮಾಡಿದಳು. “ಮುದುಕ್ಯಾರ ಎದಿ ಧಸಕ್ ಅಂತದ, ಕೂಸುಗೋಳು ಅಳ್ತಾವ. ಇದೊಂದು ಮೂರು ತಿಂಗಳು ಅದಕ್ಕ ಬಾಯಿ ಮುಚ್ಚು ಅನ್ನು.”

“ಆಯಿ, ಅದು ಕಾಯ್ದೆ. ಬಂದ್ ಮಾಡ್ಲಿಕ್ಕೆ ಬರಂಗಿಲ್ಲ.”

“ಬಂದ್ ಬ್ಯಾಡ. ಬ್ಯಾರೆ ಎಲ್ಲರೆ ಹೋಗಿ ಒದರ್ಲಿ. ನಾ ನಿನಗ ಎಂದರೆ ಏನರೆ ಕೇಳೀನೇನು?”

ಕೇಳಿರಲಿಲ್ಲ. ಅದೇ ಕಷ್ಟವಾಯಿತು. ಬೇರೆ ಎಲ್ಲಾದರೂ ಹೋಗಿ ಒದರಲಿ ಎಂಬ ಮಾತು ಆ ಇಡೀ ದಿನ ಪ್ರಣಿತಾಳ ತಲೆಯಲ್ಲಿ ಸುತ್ತುತ್ತಲೇ ಇತ್ತು, ಯಾಕೆಂದರೆ ಅದು ಅವಳಿಂದ ಆಗುವ ಕೆಲಸವಾಗಿತ್ತು. ಭಾಲ್ಕಿಯ ಕೋಣೆಯಲ್ಲಿ ಒವೈಸನ ಮೇಜಿನ ಡ್ರಾ ಒಳಗೆ ಪರೀಕ್ಷೆಗೆಂದು ಇಟ್ಟ ಸಣ್ಣ ಭೋಂಗಾ ಒಂದಿತ್ತು. ಕರೆದರೆ ಅದೂ ಕೂಗುತ್ತಿತ್ತು, ಕೂಗಿದೆನೆಂದು ಜವಾಬೂ ಕೊಡುತ್ತಿತ್ತು. ಡಬ್ಬಿಯೊಳಗಿನ ಪಟ್ಟಿಯಲ್ಲಿ ಮೆಹಕರದ ಭೋಂಗಾದ ಹೆಸರಿನ ಎದುರು ಆ ಸಣ್ಣದರ ವಿಳಾಸ ಬರೆದರೆ ಮುಗಿಯಿತು. ಏಳಕ್ಕೆ ಸ್ವಲ್ಪ ಮೊದಲು ಬೀದರಿನಲ್ಲಿ ಕೂತು ಅವಳು ಆ ಒಂದು ಸಾಲು ಸೇರಿಸಿದಳು. ಒವೈಸ ಆರಕ್ಕೇ ಬಾಗಿಲು ಹಾಕಿಕೊಂಡು ಹೋಗುವವನು. ಭಾಲ್ಕಿಯ ಖಾಲಿ ಕೋಣೆಯಲ್ಲಿ, ಮುಚ್ಚಿದ ಡ್ರಾ ಒಳಗೆ, ಮೆಹಕರದ ಭೋಂಗಾ ಕೂಗಿತು. ಬೀದರಿನ ಪರದೆ ಹಸಿರಾಯಿತು. ಓದು ಮುಗಿಯುವ ಹೊತ್ತಿಗೆ ಅವಳು ಸಾಲು ಅಳಿಸಿ ಮೊದಲಿನಂತೆ ಮಾಡಿ ಮೈಲೂರಿಗೆ ನಡೆದಳು. ಆ ಸಂಜೆ ಆಯಿ ಫೋನಿನಲ್ಲಿ ಮಗುವಿನಂತೆ ಸಂತೋಷಪಟ್ಟಿದ್ದಳು.

ಒಂದೇ ಅಡ್ಡಿ ಎಂದರೆ ಮಾಲಕ ಶಿವರಾಜಪ್ಪ. ಅವರು ವಾರಕ್ಕೊಮ್ಮೆ ಎಲ್ಲ ಊರುಗಳಿಗೆ ತಾವೇ ಫೋನು ಹಚ್ಚಿ ವಿಚಾರಿಸುವವರು, ಪಂಪ್‌ಸೆಟ್ ಮಾರುವಾಗಿನ ಅಭ್ಯಾಸ. ಮೆಹಕರದಲ್ಲಿ ಅವರು ಕೇಳುತ್ತಿದ್ದದ್ದು ಕೀಲಿ ಇಟ್ಟುಕೊಂಡ ಸುಭದ್ರಾಬಾಯಿಯನ್ನೇ. ಆದ್ದರಿಂದ ಪ್ರಣಿತಾ ತಾಯಿಗೆ ಒಂದು ಮಾತು ಕಲಿಸಿಟ್ಟಳು.

“ಆಯಿ, ಆಫೀಸಿನಿಂದ ಯಾರರೆ ಕೇಳಿದ್ರ ಕೂಗ್ತು ಅಂತ ಹೇಳು. ಇಲ್ಲಂದ್ರ ನನ್ನ ನೌಕರಿ ಹೋಗ್ತದ.”

“ಅಷ್ಟೂ ತಿಳಿಯಂಗಿಲ್ಲೇನು ನನಗ? ನೀ ಫಿಕರ್ ಮಾಡಬ್ಯಾಡ.”

ಶಿವರಾಜಪ್ಪ ಸ್ಪೀಕರ್ ಹಾಕಿ ಮಾತಾಡುವವರಾದ್ದರಿಂದ ಪಕ್ಕದ ಮೇಜಿನಲ್ಲಿದ್ದ ಪ್ರಣಿತಾಳಿಗೆ ಎಲ್ಲ ಕೇಳಿಸುತ್ತಿತ್ತು. “ಶರಣ್ರಿ ಸುಭದ್ರಾಬಾಯಿ, ಭೋಂಗಾ ದಿನಾ ಕೂಗ್ಲತ್ತದೇನ್ರಿ?” “ಜೈಭೀಮ್ ರಿ ಸಾಹೇಬ್ರ. ಕೂಗ್ಲತ್ತದ್ರಿ. ಛೊಲೋ ಕೂಗ್ಲತ್ತದ್ರಿ.” ಜೀವಮಾನದಲ್ಲಿ ಸುಳ್ಳು ಹೇಳದ ಹೆಂಗಸು ಎಷ್ಟು ಸಲೀಸಾಗಿ ಹೇಳಿದಳೆಂದರೆ ಮಗಳಿಗೆ ಒಳಗೊಳಗೇ ಹೆಮ್ಮೆಯಾಯಿತು. ನಾಚಿಕೆಯೂ ಆಗಬೇಕಿತ್ತು. ಆಗಲಿಲ್ಲ.

ದಿನಾ ಬರೆದು ದಿನಾ ಅಳಿಸುವುದು ಎಲ್ಲಿಯವರೆಗೆ ನಡೆದೀತು? ಶ್ರಾವಣದಲ್ಲಿ ಒಂದು ಸಂಜೆ ಬೇರೆ ಕೆಲಸದ ಗಡಿಬಿಡಿಯಲ್ಲಿ ಅವಳು ಸಾಲು ಬರೆಯಲು ಮರೆತಳು. ಅದೇ ದಿನ ವಿಹಾರಕ್ಕೆ ಹೊರಗಿನಿಂದ ಬೌದ್ಧ ಭಿಕ್ಷುಗಳೊಬ್ಬರು, ಭಂತೇಜಿ, ಬಂದಿದ್ದರು. ಅವರು ಧ್ಯಾನಕ್ಕೆ ಕಣ್ಣು ಮುಚ್ಚಿದ್ದೇ ತಡ, ಮೇಲೆ ಭೋಂಗಾ ಬೊಬ್ಬೆ ಹೊಡೆಯಿತು. ಆಯಿ ಎಲ್ಲರ ಎದುರು ಮುಖ ಕೆಳಗೆ ಹಾಕುವಂತಾಯಿತಂತೆ. ಬೈಯಲಿಲ್ಲ. “ಇರ್ಲಿ ಬಿಡು, ನಿನಗೂ ಕೆಲಸ ಭಾಳ ಇರ್ತದ” ಎಂದಷ್ಟೇ ಅಂದಳು. ಬೈದಿದ್ದರೆ ವಾಸಿಯಿತ್ತು.

ಕೈಯಿಂದ ಡಬ್ಬಿಯೊಳಗೆ ಬರೆದ ಸಾಲು ಬಳಪದಿಂದ ಬರೆದಂತೆ. ಡಬ್ಬಿ ಒಮ್ಮೆ ನಿಂತು ಎದ್ದರೆ ಅಳಿಸಿಹೋಗುತ್ತದೆ. ಗಟ್ಟಿಯಾಗಿ ಉಳಿಯಬೇಕೆಂದರೆ ಡಬ್ಬಿ ಕಟ್ಟುವ ನಕಾಶೆಯಲ್ಲಿಯೇ ಬರೆಯಬೇಕು. ಒಳಗಿನ ಪಟ್ಟಿಯಿಂದ ಕೈಯಾರೆ ಅಳಿಸಿದರೂ, ಡಬ್ಬಿ ನಿಂತು ಎದ್ದಾಗಲೆಲ್ಲ ಆ ಸಾಲು ಮತ್ತೆ ಬಂದು ಕೂರುತ್ತದೆ. ಔರಾದ ತಾಲೂಕಿನ ಹೊಸ ಹಳ್ಳಿಯೊಂದು ಸೇರಿದ್ದರಿಂದ ಮಾಲಕರ ಒಪ್ಪಿಗೆ ಪಡೆದು ಡಬ್ಬಿಯನ್ನು ಹೊಸದಾಗಿ ಕಟ್ಟುವ ದಿನ ಬಂತು. ಅಂದು ನಕಾಶೆಯಲ್ಲಿ ಔರಾದದ ಸಾಲಿನ ಕೆಳಗೆ ಪ್ರಣಿತಾ ಮೆಹಕರದ ಸಾಲನ್ನೂ ಸೇರಿಸಿಬಿಟ್ಟಳು. ವರ್ಷಾವಾಸ ಮುಗಿದೊಡನೆ ತೆಗೆದರಾಯಿತು ಎಂದುಕೊಂಡಳು. ಅಂದಿನಿಂದ ಮೆಹಕರದ ಕೂಗೆಲ್ಲ, ಪರೀಕ್ಷೆಯದಿರಲಿ ಪ್ರವಾಹದ್ದಿರಲಿ, ಭಾಲ್ಕಿಯ ಡ್ರಾ ಒಳಕ್ಕೆ ಬೀಳತೊಡಗಿತು.

ಭಾದ್ರಪದದಲ್ಲಿ ಮಳೆ ಜೋರಾಯಿತು. ನದಿಯ ಮೇಲ್ದಂಡೆಯಲ್ಲಿ, ಗಡಿಯಾಚೆ, ಇನ್ನೂ ಜೋರು ಎಂದು ಸುದ್ದಿ. ಹುಣ್ಣಿಮೆಯ ಹಿಂದಿನ ದಿನ ಕಚೇರಿಯ ಪರದೆಯಲ್ಲಿ ಮೆಹಕರದ ಕಂಬದ ಅಂಕಿ ಏರುವುದನ್ನು ನೋಡಿ ಪ್ರಣಿತಾ ಕೈಯಲ್ಲಿದ್ದ ಕೆಲಸ ಬಿಟ್ಟಳು. ತಾಯಿಗೆ ಫೋನು ಮಾಡಿ, “ಇವತ್ತಿನಿಂದ ಭೋಂಗಾ ಕೂಗ್ತದ ಆಯಿ, ಸೈರಣಿ ಮಾಡ್ಕೊ” ಎಂದಳು. “ಹೂಂ” ಎಂದಳು ಆಯಿ, ದನಿ ಸಣ್ಣದಾಗಿತ್ತು.

ನಕಾಶೆಯಿಂದ ಸಾಲನ್ನು ಅಳಿಸುವುದು ಸುಲಭವಿತ್ತು. ಅಳಿಸಿದಳು. ಆದರೆ ನಕಾಶೆ ತಿದ್ದಿದರೆ ಕಟ್ಟಿ ನಿಂತ ಮನೆಯ ಗೋಡೆ ತಾನಾಗಿ ಸರಿಯುತ್ತದೆಯೇ? ಹಳೆಯ ಡಬ್ಬಿಯನ್ನು ಕೆಡವಿ ಹೊಸದು ಕಟ್ಟಬೇಕು. ಮಳೆಗಾಲದಲ್ಲಿ ನನ್ನನ್ನು ಕೇಳದೆ ಡಬ್ಬಿ ಕೆಡವಬೇಡಿ ಎಂದು ಶಿವರಾಜಪ್ಪನವರ ಕಟ್ಟಪ್ಪಣೆ ಇತ್ತು. ಹಿಂದಿನ ವರ್ಷ ಹಾಗೆ ಕೆಡವಿ, ಇಂಟರ್‌ನೆಟ್ ಕೈಕೊಟ್ಟು, ದಿನವಿಡೀ ಎಲ್ಲ ಭೋಂಗಾಗಳೂ ಮೂಕವಾಗಿದ್ದವು. ಕೇಳಹೋದರೆ ಯಾಕೆ ಎನ್ನುತ್ತಾರೆ. ಯಾಕೆಂದು ಹೇಳುವುದು ಹೇಗೆ? ಅವಳು ಡಬ್ಬಿಯನ್ನು ಕೆಡವಲಿಲ್ಲ. 'ರೀಸ್ಟಾರ್ಟ್' ಕೊಟ್ಟು ಒಮ್ಮೆ ನಿಲ್ಲಿಸಿ ಎಬ್ಬಿಸಿದಳು. ಅಷ್ಟಕ್ಕೇ ಆಗುವುದಿಲ್ಲ ಎಂದು ಮನಸ್ಸಿನ ಮೂಲೆಯಲ್ಲಿ ಗೊತ್ತಿತ್ತು. ಆದರೂ ಆಗಿರಬಹುದು ಎಂದು ಆಸೆಪಟ್ಟಳು.

ಏಳಕ್ಕೆ ಪರದೆ ಹಸಿರಾಯಿತು. ಆ ಹಸಿರು ಮೆಹಕರದಿಂದ ಬಂತೋ ಭಾಲ್ಕಿಯಿಂದ ಬಂತೋ ಹಸಿರಿಗೆ ಗೊತ್ತಿರುವುದಿಲ್ಲ. ಓದು ಮುಗಿಯುವ ಹೊತ್ತು ಕಾದು, ಡಬ್ಬಿಯೊಳಗಿನ ಪಟ್ಟಿಯನ್ನೇ ಇಣುಕಿ ನೋಡೋಣವೆಂದು ಕೀಲಿಮಣೆಗೆ ಕೈ ಹಾಕಿದಳು. ಅಷ್ಟರಲ್ಲಿ ಶಿವರಾಜಪ್ಪ ಒಳಗೆ ಬಂದರು. ಮಳೆಯ ಸುದ್ದಿ ಕೇಳಿ ಅವರಿಗೂ ದಿಗಿಲಾಗಿತ್ತು. “ನಿಮ್ಮೂರಿಗೆ ನೀವೇ ಕೇಳ್ರಿ” ಎಂದು ಮೆಹಕರಕ್ಕೆ ಹಚ್ಚಿ ಸ್ಪೀಕರ್ ಹಾಕಿ ಫೋನನ್ನು ಅವಳ ಎದುರಿಗಿಟ್ಟರು.

“ಆಯಿ, ನಾ ಪ್ರಣಿತಾ. ಮಾಲಕರೂ ಇಲ್ಲೇ ಅದಾರ. ಇವತ್ತ ಏಳಕ್ಕ ಭೋಂಗಾ ಕೂಗಿತಾ?”

“ಕೂಗ್ತವ್ವ” ಎಂದಳು ಆಯಿ. “ಹೂಂನ್ರಿ ಸಾಹೇಬ್ರ, ಛೊಲೋ ಕೂಗ್ತ್ರಿ.”

ಅದೇ ಮಾತು, ಅದೇ ಧಾಟಿ. ಕಲಿಸಿದವಳಿಗೇ ಗುರುತು ಸಿಗಬೇಕಿತ್ತು. ಸಿಕ್ಕಿತ್ತೋ ಏನೋ, ಆದರೆ ಆ ಕ್ಷಣ ಪ್ರಣಿತಾಳಿಗೆ ಬೇಕಾಗಿದ್ದ ಉತ್ತರ ಅದೇ ಆಗಿತ್ತು. ಆಯಿಯೇ ಕೂಗಿತು ಎಂದ ಮೇಲೆ ಇನ್ನು ಇಣುಕುವುದು ಯಾಕೆ ಎಂದು ಪರದೆ ಮುಚ್ಚಿದಳು. ಅಂದು ಮೈಲೂರಿನ ಕೋಣೆಯಲ್ಲಿ ಹೊಟ್ಟೆ ತುಂಬ ಉಂಡಳು.

ಮರುದಿನ ಹುಣ್ಣಿಮೆ. ಔರಾದದ ಕಡೆ ಹೊಸ ಭೋಂಗಾದ ವೈರು ಕಡಿದಿದೆ ಎಂದು ಬೆಳಿಗ್ಗೆಯೇ, ಕಚೇರಿಗೆ ಬಾಡಿಗೆಗೆ ಬರುವ ಬದ್ರೋದ್ದೀನನ ಜೀಪಿನಲ್ಲಿ ಹೊರಟಳು. ಔರಾದದಲ್ಲಿ ಆಕಾಶ ಮುಚ್ಚಿತ್ತು, ಮಳೆಯಿರಲಿಲ್ಲ. ಮೆಹಕರದಲ್ಲೂ ಮಳೆಯಿಲ್ಲವೆಂದು ತಿಳಿಯಿತು. ಅದೇ ಕೆಟ್ಟದ್ದು. ತಲೆಯ ಮೇಲೆ ಬೀಳುವ ನೀರಿಗೆ ಜನ ಹೆದರುತ್ತಾರೆ. ಬೇರೆಲ್ಲೋ ಬಿದ್ದು ನದಿ ಹಿಡಿದು ಬರುವ ನೀರು ಬಾಗಿಲಿಗೆ ಬರುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಅಣೆಕಟ್ಟಿನ ಬಾಗಿಲು ತೆರೆದರೆಂದು ಮೊಬೈಲಿಗೆ ಸುದ್ದಿ ಬಂತು. ವೈರಿನ ಕೆಲಸ ಮುಗಿದಾಗ ಸಂಜೆಯಾಗಿತ್ತು. ಜೀಪು ಹತ್ತುವ ಹೊತ್ತಿಗೆ ಅವಳ ಮೊಬೈಲಿನಲ್ಲಿ ಮೆಹಕರದ ಕಂಬ ಕೆಂಪು ಗೆರೆ ದಾಟಿತು. ಹಿಂದೆಯೇ ಇನ್ನೊಂದು ಸಾಲು: ಮೆಹಕರ ಭೋಂಗಾ ಕೂಗಿದೆ, ಜವಾಬು ಬಂದಿದೆ. ಹಸಿರು.

ಸದ್ಯ, ನಿನ್ನೆಯೇ ಸರಿ ಮಾಡಿದೆ ಎಂದು ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಅಷ್ಟರಲ್ಲಿ ಒವೈಸನ ಫೋನು ಬಂತು. ಕಂಬವೊಂದರ ರಿಪೇರಿ ಮುಗಿಯದೆ ಅವನು ಅಂದು ಭಾಲ್ಕಿಯ ಕೋಣೆಯಲ್ಲಿಯೇ ಉಳಿದಿದ್ದ. ಅವನ ದನಿಯ ಹಿಂದೆ ಏನೋ ಚೀರುತ್ತಿತ್ತು.

“ಮೇಡಂ, ಇದೇನ್ರಿ ಇದು? ಡ್ರಾ ಒಳಗಿನ ಭೋಂಗಾ ಒದರ್ಲತ್ತದ. ಅರಿವಿ ಸುತ್ತೀನಿ, ಕೈಲೆ ಒತ್ತಿ ಹಿಡ್ದೀನಿ, ನಿಲ್ಲವಲ್ದು!”

ವಿಹಾರದ ಮೇಲೆ ಕೂಗಬೇಕಾದದ್ದು ಭಾಲ್ಕಿಯಲ್ಲಿ ಕೂಗುತ್ತಿತ್ತು. ಹುಣ್ಣಿಮೆಯ ಓದಿಗೆ ಕೆಳಗಿನ ಓಣಿಯ ಅರ್ಧ ಜನ ಆ ಮಾಳಿಗೆಯ ಕೆಳಗೆ ಕೂತಿದ್ದರು. ಅತ್ತಿಗೆ ಸುಮನ ಕೂಸು ಕಟ್ಟಿಕೊಂಡು ಕೂತಿದ್ದಳು. ಎಲ್ಲರ ಮುಂದೆ ಗ್ರಂಥ ಹಿಡಿದು ಆಯಿ ಕೂತಿದ್ದಳು.

“ಒವೈಸಭಾಯಿ, ನಿಮ್ಮ ಕಂಪ್ಯೂಟರಿನಿಂದಲೇ ಬೀದರಿನ ಡಬ್ಬಿ ಕೆಡವ್ರಿ. ನಕಾಶೆ ಸರಿ ಅದ, ಡಬ್ಬಿನೇ ಹಳೇದದ. ಕೆಡವಿ ಹೊಸಾದು ಕಟ್ರಿ.”

“ಮಳಿಗಾಲದಾಗ ಕೆಡವಬ್ಯಾಡ ಅಂತ ಮಾಲಕರು ಹೇಳ್ಯಾರಲ್ರಿ…”

“ಕೆಡವ್ರಿ! ನಮ್ಮ ಆಯಿ ಅದಾಳ ಅಲ್ಲಿ!”

ಭಾಲ್ಕಿಯ ಚೀರಾಟ ಒಮ್ಮೆಲೇ ನಿಂತಿತು. ಡಬ್ಬಿ ಬಿದ್ದಿತ್ತು. ಹೊಸದು ಏಳುವವರೆಗೆ ಯಾವ ಊರಿನಲ್ಲೂ ಯಾವ ಭೋಂಗಾವೂ ಕೂಗಲಾರದು. ಆ ಮೌನದಲ್ಲಿ ಜೀಪು ಮೆಹಕರದ ಕಡೆಗೆ ಓಡುತ್ತಿತ್ತು, ಪ್ರಣಿತಾ ಒಂದರ ಹಿಂದೊಂದು ನಂಬರು ಒತ್ತುತ್ತಿದ್ದಳು. ಆಯಿಯ ಫೋನು ಬಂದ್. ಸುಮನಳದು ಬಂದ್. ಪಕ್ಕದ ಮನೆಯವರದೂ ಬಂದ್. ಎಲ್ಲವೂ ಬಾಗಿಲ ಬುಟ್ಟಿಯಲ್ಲಿ ಒಂದರ ಮೇಲೊಂದು ತಣ್ಣಗೆ ಮಲಗಿದ್ದವು. ಕೊನೆಗೆ ಮೇಲಿನ ಓಣಿಯಲ್ಲಿ ಬಸ್ ನಿಲ್ದಾಣದ ಹತ್ತಿರ ಅಂಗಡಿ ಇಟ್ಟ ಧೊಂಡಿಬಾ ಸಿಕ್ಕ.

“ಧೊಂಡಿಬಾಕಾಕಾ, ವಿಹಾರಕ್ಕ ಓಡ್ರಿ. ಎಲ್ಲರಿಗೂ ಹೊರಗ ಕರೀರಿ.”

“ಹ್ಯಾಂಗ ಹೋಗ್ಲವ್ವ? ನಾಲಾದಾಗ ನೀರು ಹಿಂದಕ್ಕ ಏರ್ಯಾದ, ಕೆಳಗ ಹೋಗೋ ರಸ್ತೆ ಮುಣಗ್ಯಾದ. ವಿಹಾರದ ಹಿಂದಿನ ಒಡ್ಡು ಇನ್ನಾ ಕಾಣ್ತದ. ಈಗ ಎದ್ದರ ಅದರ ಮ್ಯಾಲಿಂದ ಹತ್ತಿ ಬರಬಹುದು. ನಾವು ಇಲ್ಲಿಂದ ಒದರ್ಲತ್ತೀವಿ…”

ಅವನ ಮಾತು ಮುಗಿಯುವ ಮೊದಲೇ ಫೋನಿನೊಳಗಿಂದ ಉದ್ದನೆಯ ಕೂಗು ಕೇಳಿಬಂತು. ಒವೈಸ ಡಬ್ಬಿ ಕಟ್ಟಿ ಮುಗಿಸಿದ್ದ. ಇಷ್ಟು ದಿನ ಭಾಲ್ಕಿಯಲ್ಲಿ ಅಡಗಿಸಿಟ್ಟಿದ್ದ ಭೋಂಗಾ ತನ್ನ ಊರಿಗೆ ಬಂದಿತ್ತು.

“ಕೂಗ್ಲತ್ತದ ತಂಗಿ, ಕೂಗ್ಲತ್ತದ!” ಎಂದು ಧೊಂಡಿಬಾ ಅರಚಿದ. ಪ್ರಣಿತಾಳ ಕಣ್ಣಲ್ಲಿ ನೀರು ಬಂತು. ಬದ್ರೋದ್ದೀನ ಅಲ್ಲಾಹನ ಹೆಸರು ಹೇಳಿದ. ಧೊಂಡಿಬಾನ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಅವನ ದನಿ ಬದಲಾಯಿತು.

“ಒಳಗ ದೀಪ ಕಾಣ್ತಾವ. ಮಂದಿ ನೆರಳೂ ಕಾಣ್ತಾವ. ಇಷ್ಟು ಕೂಗ್ಲತ್ತದ, ಅವ್ರು ಯಾಕ ಹೊರಗ ಬರವಲ್ರು? ಭೋಂಗಾದ ಗದ್ದಲದಾಗ ನಮ್ಮ ದನಿ ಅವ್ರಿಗಿ ಮುಟ್ಟವಲ್ದು.”

ಯಾಕೆಂದು ಅವಳಿಗೂ ತಿಳಿಯಲಿಲ್ಲ. ಜೀಪು ಒಂದು ಹಳ್ಳದ ದಂಡೆಗೆ ಬಂದು ನಿಂತಿತು. ಮುಂದಿನ ರಸ್ತೆ ನೀರಿನಲ್ಲಿತ್ತು. ಬದ್ರೋದ್ದೀನ ಇಳಿದು ನೋಡಿ ತಲೆಯಾಡಿಸಿದ. ಅದೇ ಹೊತ್ತಿಗೆ ಅವಳ ಫೋನು ರಿಂಗಾಯಿತು. ಆಯಿ.

“ಪ್ರಣಿತಾ, ಇದೇನವ್ವಾ ಇವತ್ತ, ನಿಲ್ಲವಲ್ದು?” ಹಿಂದೆ ಭೋಂಗಾ ಕಿವಿ ಹರಿಯುವಂತೆ ಕೂಗುತ್ತಿತ್ತು, ಆಯಿ ಅದರ ಮೇಲೆ ದನಿ ಏರಿಸಿ ಮಾತಾಡುತ್ತಿದ್ದಳು. “ನಿನ್ನಿ ಕೂಗ್ತದ ಅಂದಿದ್ದಿ, ಆದರೂ ನನ್ನ ಸಲುವಾಗಿ ಸುಮ್ಮನಿಟ್ಟಿ. ಇವತ್ತ ಮರ್ತೇನು? ಎಲ್ಲರೂ ಗಾಬರಿ ಆಗಿ ಎದ್ದು ನಿಂತಿದ್ರು. ಕುಂದ್ರಿ, ನನ್ನ ಮಗಳು ಈಗ ಬಂದ್ ಮಾಡ್ತಾಳ ಅಂತ ಹೇಳಿ ಕುಂದರ್ಸೀನಿ. ಒಂದೇ ಪುಟ ಉಳದದ, ಲಗೂ ಬಂದ್ ಮಾಡು.”

“ಆಯಿ, ಖರೇ ಕೂಗ್ಲತ್ತದ! ನೀರು ಬಂದದ! ಎಲ್ಲರಿಗೂ ಕರ್ಕೊಂಡು ಹಿಂದಿನ ಒಡ್ಡಿನ ಮ್ಯಾಲೆ ಓಡು! ಆಯಿ, ಓಡು!”

“ಏನಂದಿ? ಏನೂ ಕೇಳ್ಸವಲ್ದು.”

“ನೀರು! ನೀರು ಬಂದದ ಆಯಿ!”

ಆಯಿಗೆ ಮಾತು ತಿಳಿಯದೆ ಒದರುವುದಷ್ಟೇ ಕೇಳಿಸಿರಬೇಕು. ಮಗಳು ಎಂದೂ ತನ್ನ ಮೇಲೆ ದನಿ ಏರಿಸಿದವಳಲ್ಲ. ಇಂದು ಹೀಗೆ ಒದರುತ್ತಾಳೆಂದರೆ ಯಾರೋ ಪಕ್ಕದಲ್ಲಿದ್ದಾರೆ, ಅವಳಿಗೆ ಏನೋ ಆಪತ್ತು ಬಂದಿದೆ ಎಂದು ಆ ತಾಯಿಗೆ ಅನ್ನಿಸಿರಬೇಕು.

“ಮಾಲಕರು ಬಾಜೂಕ ಅದಾರೇನು ಮಗಾ?” ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ದನಿ ತಿದ್ದಿಕೊಂಡು, ಪ್ರಣಿತಾ ಕಲಿಸಿದ ಮಾತನ್ನು, ಎಲ್ಲಿಯೂ ತಡವರಿಸದೆ, ಗಟ್ಟಿಯಾಗಿ ಹೇಳಿದಳು. “ಕೂಗ್ಲತ್ತದ್ರಿ ಸಾಹೇಬ್ರ. ಛೊಲೋ ಕೂಗ್ಲತ್ತದ್ರಿ. ನನ್ನ ಮಗಳದು ಏನೂ ತಪ್ಪಿಲ್ರಿ.”

ಫೋನು ಕಟ್ಟಾಯಿತು. ಪ್ರಣಿತಾ ಮತ್ತೆ ಹಚ್ಚಿದಳು. ಬಂದ್. ಮತ್ತೆ ಹಚ್ಚಿದಳು. ಆಯಿ ತಾನೇ ಮಾಡಿದ ನಿಯಮವನ್ನು ತಾನು ಮುರಿಯುವವಳಲ್ಲ. ಫೋನನ್ನು ಬಂದ್ ಮಾಡಿ ಬುಟ್ಟಿಗೆ ಹಾಕಿ ಓದಿಗೆ ಹೋಗಿ ಕೂತಿದ್ದಳು. ಹಳ್ಳದ ದಂಡೆಯಲ್ಲಿ ಪ್ರಣಿತಾ ಒಂದೇ ನಂಬರನ್ನು ಒತ್ತುತ್ತಲೇ ಇದ್ದಳು. ಬದ್ರೋದ್ದೀನ ಜೀಪಿನ ದೀಪ ಹಾಕಿ, ನೀರು ಇಳಿಯುವುದನ್ನು ಕಾಯುವವನಂತೆ ನಿಂತಿದ್ದ. ನೀರು ಇಳಿಯುತ್ತಿರಲಿಲ್ಲ. ಧೊಂಡಿಬಾ ಒಮ್ಮೆ ಫೋನು ಮಾಡಿದ. ಒಡ್ಡು ಈಗ ಕಾಣುತ್ತಿಲ್ಲ, ಭೋಂಗಾ ಮಾತ್ರ ಕೂಗುತ್ತಲೇ ಇದೆ ಎಂದ.

ಕತ್ತಲು ಗಟ್ಟಿಯಾಗುವ ಹೊತ್ತಿಗೆ ಒವೈಸನ ಫೋನು ಬಂತು. ಈ ಸಲ ಅವನ ಹಿಂದೆ ಯಾವ ಸದ್ದೂ ಇರಲಿಲ್ಲ.

“ಮೇಡಂ” ಎಂದ. “ಮೆಹಕರ ಕೆಂಪು ಆಗ್ಯಾದ್ರಿ. ಪೆಟಗಿ ಜವಾಬು ಕೊಡವಲ್ದು.”

ಪೆಟ್ಟಿಗೆ ಗೋಡೆಯಲ್ಲಿ ಎಷ್ಟು ಎತ್ತರಕ್ಕಿದೆ ಎಂದು ಪ್ರಣಿತಾಳನ್ನು ಯಾರೂ ಕೇಳಬೇಕಾಗಿರಲಿಲ್ಲ. ಅಂದು ಆಯಿ ಗೋಡೆಗೆ ಬೆನ್ನು ಕೊಟ್ಟು ನಗುತ್ತ ನಿಂತಿದ್ದಳು. ಒವೈಸ ಎಳೆದ ಗೆರೆ ಅವಳ ತುರುಬಿಗಿಂತ ಒಂದು ಗೇಣು ಮೇಲಿತ್ತು.